ದರಿಯಾ ದೌಲತ್

ಮೈಸೂರಿನಿಂದ ಬೆಂಗಳೂರಿನ ಕಡೆಗೆ ಸುಮಾರು 15 ಕಿಲೋಮೀಟರು ಸಾಗಿದರೆ ಶ್ರೀರಂಗಪಟ್ಟಣ ದೊರೆಯುತ್ತದೆ. ಕಾವೇರಿಯು ಇಲ್ಲಿ ಎರಡು ಕವಲಾಗಿ ಹರಿದು, ಸಂಗಮದಲ್ಲಿ ಮತ್ತೆ ಒಂದಾಗುವುದರಿಂದ ಈ ಊರು ದ್ವೀಪವಾಗಿದೆ. ಬೆಳಿಗ್ಗೆ ಬಂದು ರಂಗನಾಥನ ದರ್ಶನ ಪಡೆದು, ಕೋಟೆಯನ್ನು ಸುತ್ತಿ, ಸಂಜೆಯ ಹೊತ್ತಿಗೆ ಹಿಂದಿರುಗುವ ಪ್ರವಾಸಿಗರು ನಿತ್ಯವೂ ಇಲ್ಲಿ ಕಾಣಸಿಗುತ್ತಾರೆ.

ಟಿಪ್ಪು ಸುಲ್ತಾನನು ವಾಸಿಸುತ್ತಿದ್ದ ಲಾಲ್ ಮಹಲ್ ಕೋಟೆಯ ಒಳಗಿತ್ತು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ಆ ಅರಮನೆಯನ್ನು ಕೆಡವಲಾಯಿತು. ಇಂದು ಅಲ್ಲಿ ಉಳಿದಿರುವುದು ಅದರ ಅವಶೇಷಗಳು ಮಾತ್ರ. ಆದರೆ ಕೋಟೆಯ ಹೊರಗೆ, ಹೊಳೆಯ ದಂಡೆಯ ತೋಟದ ನಡುವೆ, ಟಿಪ್ಪುವಿನ ಬೇಸಗೆಯ ಅರಮನೆಯಾದ ದರಿಯಾ ದೌಲತ್ ಇಂದಿಗೂ ನಿಂತಿದೆ. ದೊಡ್ಡ ಅರಮನೆ ಅಳಿದು ಈ ಚಿಕ್ಕ ಅರಮನೆ ಉಳಿದದ್ದು ಹೇಗೆ?

1784ರಲ್ಲಿ ಕಟ್ಟಿದ ಈ ಕಟ್ಟಡದಲ್ಲಿ ತೇಗದ ಮರದ ಬಳಕೆಯೇ ಹೆಚ್ಚು. ಎತ್ತರದ ಜಗಲಿಯ ಮೇಲೆ ಸಾಲಾಗಿ ನಿಂತ ಮರದ ಕಂಬಗಳು, ಅವುಗಳನ್ನು ಕೂಡಿಸುವ ಕಮಾನುಗಳು, ಸುತ್ತಲೂ ವಿಶಾಲವಾದ ಪಡಸಾಲೆ. ಇವುಗಳಿಂದ ಒಳಗೆ ನೆರಳೂ ತಂಪೂ ನೆಲೆಸಿವೆ. ಗೋಡೆ, ಕಂಬ, ಮಾಡುಗಳೆಲ್ಲವೂ ಬಣ್ಣದ ಚಿತ್ತಾರಗಳಿಂದ ತುಂಬಿವೆ.

ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಪಶ್ಚಿಮದ ಗೋಡೆಯ ಯುದ್ಧಚಿತ್ರ. 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೈಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿತು. ಚಿತ್ರದಲ್ಲಿ ಇಂಗ್ಲಿಷ್ ಸೈನಿಕರು ಚೌಕಾಕಾರವಾಗಿ ಒತ್ತೊತ್ತಾಗಿ ನಿಂತಿದ್ದಾರೆ. ಅವರ ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಸೆರೆಸಿಕ್ಕ ಬೈಲಿ 1782ರಲ್ಲಿ ಇದೇ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡನು.

ತಮ್ಮ ಸೋಲನ್ನು ಸಾರುವ ಈ ಚಿತ್ರವನ್ನು ಗೆದ್ದು ಬಂದ ಇಂಗ್ಲಿಷರು ಅಳಿಸಿಬಿಡಬಹುದಾಗಿತ್ತು. ಹಾಗೆ ಮಾಡಲಿಲ್ಲವೆಂಬುದೇ ಸೋಜಿಗ. 1799ರ ಬಳಿಕ ಇಲ್ಲಿ ವಾಸಿಸಿದ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯು ಕೆಟ್ಟಿದ್ದ ಚಿತ್ರಗಳನ್ನು ಸರಿಪಡಿಸಿದನು. ಕಾಲಕ್ರಮದಲ್ಲಿ ಅವು ಮತ್ತೆ ಮಾಸಿದವು. 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿಯು ಅವನ್ನು ಮತ್ತೆ ಬರೆಯಿಸಿದನು. ಮೂಲಚಿತ್ರಗಳನ್ನು ನೆನಪಿನಲ್ಲಿಟ್ಟಿದ್ದ ದೇಶೀಯ ಕಲಾವಿದನೊಬ್ಬನು ಆ ಕೆಲಸಕ್ಕೆ ಒದಗಿಬಂದನೆಂದು ಹೇಳುತ್ತಾರೆ. ಇಂದು ಪ್ರವಾಸಿಗರು ನೋಡುವ ಗೋಡೆ, ಹೀಗೆ ಹಲವು ಕೈಗಳ ದುಡಿಮೆಯಿಂದ ಉಳಿದು ಬಂದದ್ದು.

ಉದ್ಯಾನಗಳಿಗೆಲ್ಲ ಈ ಅದೃಷ್ಟವಿರಲಿಲ್ಲ. ದ್ವೀಪದ ಪೂರ್ವದ ಅಂಚಿನಲ್ಲಿ ಲಾಲ್‌ಬಾಗ್ ಎಂಬ ಮತ್ತೊಂದು ರಾಜೋದ್ಯಾನವಿತ್ತು. 1792ರ ಮುತ್ತಿಗೆಯ ವೇಳೆಗೆ ಕಾರ್ನ್‌ವಾಲಿಸನ ಸೈನ್ಯವು ಅಲ್ಲಿನ ಸಾಲುಮರಗಳನ್ನು ಕಡಿದು, ಕೋಟೆಗೆ ಮುತ್ತಿಗೆ ಹಾಕುವ ಸಾಮಗ್ರಿಗಳನ್ನು ಮಾಡಿಕೊಂಡಿತು. ಹಲವು ವರ್ಷ ನೀರೆರೆದು ಬೆಳೆಸಿದ ಮರಗಳು ಕೆಲವೇ ದಿನಗಳಲ್ಲಿ ನೆಲಕ್ಕುರುಳಿದವು. ಹೈದರ್ ಮತ್ತು ಟಿಪ್ಪುವಿನ ಸಮಾಧಿಯಿರುವ ಗುಂಬಜ್ ಇಂದು ಅದೇ ಸ್ಥಳದಲ್ಲಿದೆ.

ಈಗ ದರಿಯಾ ದೌಲತ್ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ; ಒಳಗೊಂದು ವಸ್ತುಸಂಗ್ರಹಾಲಯವಿದೆ. ಬಿಸಿಲಿನ ಝಳ ಚಿತ್ರಗಳಿಗೆ ತಾಗದಂತೆ ಪಡಸಾಲೆಯ ಸುತ್ತ ಪರದೆಗಳನ್ನು ಇಳಿಬಿಡಲಾಗಿದೆ. ಆದರೆ ಪರದೆಯು ಬಿಸಿಲನ್ನು ತಡೆಯಬಲ್ಲದೇ ಹೊರತು ಮೊಳೆಯಿಂದ ಗೋಡೆಯ ಮೇಲೆ ಹೆಸರು ಕೆತ್ತುವ ಕೈಯನ್ನಲ್ಲ. ಶತ್ರುವೂ ಅಳಿಸದೆ ಉಳಿಸಿದ ಚಿತ್ರವನ್ನು, ನಾಡಿನ ಮಕ್ಕಳೇ ಗೀಚಿ ಕೆಡಿಸಿದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಎರಡು ಶತಮಾನಗಳ ಹಿಂದಿನ ಬಣ್ಣವನ್ನು ಮುಟ್ಟದೆ, ಕಣ್ಣಿನಿಂದಲೇ ಸವಿದು ಬರುವವನು ಅದನ್ನು ಮುಂದಿನವರಿಗೆ ದಾಟಿಸುವ ಕೆಲಸದಲ್ಲಿ ತನ್ನ ಪಾಲನ್ನು ಸಲ್ಲಿಸಿದಂತೆಯೇ ಸರಿ.