ಪಂಪಿಗೆ ನೀರು ಹೊಯ್ಯೋದು ಯಾಕೆ? ಮುಂಬೈಯಲ್ಲಿ ನಮ್ಮೂರ ಹುಡುಗನಿಗೆ ಪ್ರಶ್ನೆ

ಬಸ್ ಸ್ಟ್ಯಾಂಡ್ ಹಿಂದಿನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಮೊನ್ನೆ ಸಂಜೆ ಗಿರಾಕಿಗಳಿಗಿಂತ ವಿಚಾರಿಸುವವರೇ ಜಾಸ್ತಿ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ ಮಾಲೀಕರ ಮಗ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಇಂಟರ್‌ವ್ಯೂಗೆ ಹೋಗಿ ಬಂದಿದ್ದ.

"ಏನು ಕೇಳಿದ್ರಪ್ಪಾ?" ಎಂದೆ.

"ಪಂಪಿಗೆ ನೀರು ಯಾಕೆ ಹೊಯ್ತಾರೆ ಅಂದ್ರು ಸಾರ್."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹುಡುಗ ನಗಲಿಲ್ಲ.

1957ರಲ್ಲಿ ಶುರುವಾದ ಆ ಕೇಂದ್ರದ ಟ್ರೈನಿಂಗ್ ಸ್ಕೂಲಿಗೆ ಸೇರಿದರೆ ಒಂದು ವರ್ಷ ಪಾಠ, ಪಾಸಾದರೆ ವಿಜ್ಞಾನಿ ಹುದ್ದೆ. ಗೇಟ್ ಪರೀಕ್ಷೆಯ ಅಂಕ ಇಂಟರ್‌ವ್ಯೂ ಬಾಗಿಲವರೆಗೆ ಮಾತ್ರ. ಒಳಗೆ ಹೋದ ಮೇಲೆ ಅದು ಲೆಕ್ಕಕ್ಕಿಲ್ಲ. "ಯಾರ ಕೈಲಾದ್ರೂ ಒಂದು ಮಾತು ಹೇಳಿಸಬಾರದಾ?" ಎಂದರು ಪಕ್ಕದ ಕಿರಾಣಿಯವರು. ಅವರಿಗೆ ಯಾರೂ ಉತ್ತರ ಕೊಡಲಿಲ್ಲ.

ಇಷ್ಟದ ಸಬ್ಜೆಕ್ಟ್ ಯಾವುದೆಂದು ಮೊದಲೇ ಕೇಳುತ್ತಾರೆ. ಈತ ಫ್ಲೂಯಿಡ್ ಮೆಕ್ಯಾನಿಕ್ಸ್ ಎಂದ. ಪಂಪಿನ ಪ್ರಶ್ನೆಗೆ "ಗಾಳಿ ಹೊರಗೆ ಹಾಕೋಕೆ" ಎಂದು ಪುಸ್ತಕದ ಉತ್ತರ ಕೊಟ್ಟ. "ಗಾಳಿ ಇದ್ರೂ ಪಂಪು ತಿರುಗುತ್ತಲ್ಲ, ನೀರು ಯಾಕೆ ಏರೋಲ್ಲ?" ಅಲ್ಲಿ ಹುಡುಗ ಸಿಕ್ಕಿಬಿದ್ದ. ಕಾಗದ ಕೊಟ್ಟು "ನಿಧಾನಕ್ಕೆ ಮಾಡಿ" ಎಂದರಂತೆ.

ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೂ ಅವನು ಹೇಳಿದ್ದು ತಿಳಿಯಿತು. ನೀರನ್ನು 20 ಮೀಟರ್ ಎತ್ತುವ ಪಂಪು ಗಾಳಿಯನ್ನೂ 20 ಮೀಟರೇ ಎತ್ತುತ್ತದೆ. ಆದರೆ ಗಾಳಿ ನೀರಿಗಿಂತ ಸುಮಾರು 800 ಪಾಲು ಹಗುರ. ಆ ಒತ್ತಡ ನೀರಿನ ಲೆಕ್ಕದಲ್ಲಿ ಬರೀ ಒಂದು ಅಂಗುಲ! ಬಾವಿಯ ನೀರು ಎಲ್ಲಿಂದ ಏರಬೇಕು?

"ಬಾವಿ 40 ಅಡಿ ಆಳವಾದ್ರೆ?" ಎಂಬುದು ಮುಂದಿನ ಪ್ರಶ್ನೆ. ಬೇಸಿಗೆಯಲ್ಲಿ ಅಪ್ಪ ರೈತರ ಪಂಪನ್ನು ಬಾವಿಯೊಳಗೆ ಇಳಿಸಿ ಕೂರಿಸುತ್ತಿದ್ದುದು ನೆನಪಾಯಿತು. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿ. ಅದರ ಶಕ್ತಿ ಹೆಚ್ಚೆಂದರೆ 34 ಅಡಿ, ಅನುಭವದಲ್ಲಿ ಅಷ್ಟೂ ಸಿಗೋದಿಲ್ಲ. ಅದನ್ನು ತಡವರಿಸದೆ ಹೇಳಿದ. ಆಮೇಲೆ ಉಷ್ಣದ ಬಗ್ಗೆ ಎರಡು ಪ್ರಶ್ನೆಗೆ "ಗೊತ್ತಿಲ್ಲ ಸಾರ್" ಎಂದು ಬಂದ. ಅದೇ ಅವನಿಗೆ ಕೊರೆಯುತ್ತಿದೆ.

ಕೊರೆಯದೆ ಏನು? ಅದೇ ದಿನ ಬೆಂಗಳೂರಿನ ಒಂದು ಖಾಸಗಿ ಕಂಪನಿಯವರು ಕೆಲಸಕ್ಕೆ ಹಾಜರಾಗಲು ಹೇಳಿದ್ದರು. ದಿನ ಮುಂದೂಡಿ ಅಂದರೆ ಒಪ್ಪಲಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ರೈಲು ಹತ್ತಿದ. ಓದಿನ ಸಾಲದ ಕಂತು ಸದ್ಯದಲ್ಲೇ ಶುರು.

"25 ವರ್ಷದಿಂದ ಬಿಂದಿಗೇಲಿ ನೀರು ಹೊಯ್ದಿದೀನಿ. ಯಾಕೆ ಅಂತ ನನ್ನನ್ನ ಯಾರೂ ಕೇಳ್ಲೇ ಇಲ್ಲ ನೋಡಿ" ಎಂದರು ತಂದೆ.

ಫಲಿತಾಂಶ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಸುಟ್ಟ ಮೋಟಾರೊಂದು ಗೂಡ್ಸ್ ಆಟೋದಲ್ಲಿ ಬಂತು. ಹುಡುಗ ಇಳಿಸಿಕೊಳ್ಳಲು ಎದ್ದ.