ಮೂರು ಪರ್ಸೆಂಟ್ ಕೊಟ್ಟ ಮಾತ್ರಕ್ಕೆ ಸಾಮಾನಿಗೆ ವಿಮೆ ಆಗುವುದಿಲ್ಲ

ಬೆಂಗಳೂರು ಬಿಟ್ಟು ದೆಹಲಿಗೋ ಗುರುಗ್ರಾಮಕ್ಕೋ ಸಂಸಾರ ಸಾಗಿಸಲು ಹೊರಟವರನ್ನು ಸಾಮಾನಿನ ಬಗ್ಗೆ ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಒಂದೇ ಮಾತು: “ಪ್ಯಾಕರ್ಸ್‌ನವರಿಗೆ ಒಪ್ಪಿಸಿದ್ದೇವೆ, ಇನ್ಶೂರೆನ್ಸ್ ಕೂಡ ಮಾಡಿಸಿದ್ದೇವೆ, ಇನ್ನೇನು ಚಿಂತೆ?” ಯಾವ ವಿಮಾ ಕಂಪನಿ, ಪಾಲಿಸಿ ನಂಬರ್ ಎಷ್ಟು ಎಂದು ಕೇಳಿದರೆ ಉತ್ತರ ಇಲ್ಲ. ಹುಡುಕಿದಾಗ ಕೊಟೇಶನ್ ಹಾಳೆ ಸಿಗುತ್ತದೆ. ಅದರಲ್ಲಿ ‘ಟ್ರಾನ್ಸಿಟ್ ಇನ್ಶೂರೆನ್ಸ್ 3%’ ಎಂಬ ಸಾಲು, ಎದುರಿಗೆ ಮೊತ್ತ, ಕೆಳಗೊಂದು ರಬ್ಬರ್ ಸ್ಟ್ಯಾಂಪು.

ಆ ಸಾಲು ವಿಮೆಯಲ್ಲ. ಅದು ಬಿಲ್ಲಿನ ಒಂದು ಬಾಬತ್ತು, ಅಷ್ಟೇ. ಮನೆ ಸಾಗಿಸುವ ವಿಷಯದಲ್ಲಿ ಚಾಲ್ತಿಯಲ್ಲಿರುವ ತಪ್ಪು ನಂಬಿಕೆಗಳಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸುವುದು ಇದೇ. ಯಾಕೆಂದರೆ ಇದರಿಂದ ಪೆಟ್ಟು ತಿನ್ನುವವರು ಉಡಾಫೆಯ ಜನರಲ್ಲ. ವಿಮೆ ಬೇಕೆಂದು ಬಾಯಿಬಿಟ್ಟು ಕೇಳಿ, ಅದಕ್ಕಾಗಿ ದುಡ್ಡು ಎಣಿಸಿ ಕೊಟ್ಟವರೇ ಕೊನೆಗೆ ಒಡೆದ ಟಿವಿಯ ಮುಂದೆ ನಿಲ್ಲುತ್ತಾರೆ.

ಸಾಮಾನಿನ ಮೌಲ್ಯದ ಮೇಲೆ ನೀವು ಕೊಟ್ಟ ಆ ಶೇಕಡಾ 3 ಎಲ್ಲಿಗೆ ಹೋಗುತ್ತದೆ? ಮೂರು ದಾರಿಗಳಿವೆ. ಒಂದು, ಅದು ನಿಜವಾಗಿಯೂ ಒಂದು ವಿಮಾ ಕಂಪನಿಗೆ ಪ್ರೀಮಿಯಂ ಆಗಿ ಹೋಗಿ, ನಿಮ್ಮ ಹೆಸರಿನಲ್ಲಿ ಪಾಲಿಸಿಯೋ, ಸಾಗಣೆ ಸಂಸ್ಥೆಯ ಓಪನ್ ಪಾಲಿಸಿಯ ಕೆಳಗೆ ಒಂದು ಸರ್ಟಿಫಿಕೇಟೋ ಬರುತ್ತದೆ. ಎರಡು, ಅದು ಸಾಗಣೆದಾರನೇ ಹೆಚ್ಚಿನ ಹೊಣೆ ಹೊರಲು ಪಡೆಯುವ ದರವಾಗಿರುತ್ತದೆ. ಬಿಲ್ಲಿನಲ್ಲಿ ಕೆಲವರು ಇದನ್ನು ‘ಎಫ್‌ಒವಿ’ ಎಂದು ಬರೆಯುತ್ತಾರೆ. ಇದೂ ಕಾನೂನುಬದ್ಧವೇ, ಆದರೆ ಹೊಣೆ ಎಷ್ಟು ಎಂಬುದು ಕಾಗದದಲ್ಲಿ ಇರಬೇಕು. ಮೂರು, ಅದು ಸೀದಾ ಸಾಗಣೆದಾರನ ಜೇಬಿಗೆ ಹೋಗುತ್ತದೆ. ಲಾರಿ ಕ್ಷೇಮವಾಗಿ ತಲುಪಿದರೆ ಅವನಿಗೆ ಲಾಭ; ಏನಾದರೂ ಒಡೆದರೆ “ಕ್ಲೇಮ್ ಹಾಕಿದ್ದೇವೆ ಸರ್, ಪ್ರೋಸೆಸ್‌ನಲ್ಲಿದೆ” ಎಂದು ನೀವು ಸುಸ್ತಾಗುವವರೆಗೆ ಓಡಾಡಿಸುವುದು. ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ದುಡ್ಡು ಕೊಡುವವರೇ ಹೆಚ್ಚು.

1938ರ ವಿಮಾ ಕಾಯ್ದೆಯ ಪ್ರಕಾರ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನಲ್ಲಿ ನೋಂದಣಿಯಾಗದ ಸಂಸ್ಥೆ ಈ ದೇಶದಲ್ಲಿ ವಿಮೆಯ ವ್ಯವಹಾರ ಮಾಡುವಂತಿಲ್ಲ. ಲಾರಿ ಕಂಪನಿ ತಾನೇ ವಿಮೆ ಕೊಡಲು ಬರುವುದಿಲ್ಲ. ಅದೇ ಕಾಯ್ದೆಯ 64ವಿಬಿ ಸೆಕ್ಷನ್ ಹೇಳುವಂತೆ, ಪ್ರೀಮಿಯಂ ಮುಂಚಿತವಾಗಿ ವಿಮಾ ಕಂಪನಿಗೆ ಸೇರದಿದ್ದರೆ ಅದರ ಹೊಣೆ ಶುರುವಾಗುವುದೇ ಇಲ್ಲ. ಹಾಗಾಗಿ “ಲಾರಿ ಹೊರಡಲಿ, ಪಾಲಿಸಿ ಆಮೇಲೆ ಕಳಿಸುತ್ತೇವೆ” ಎಂಬ ಮಾತಿಗೆ ಒಪ್ಪಬಾರದು. ಮೊದಲ ಪೆಟ್ಟಿಗೆ ಮನೆಯ ಬಾಗಿಲು ದಾಟುವ ಮುನ್ನ ಪಾಲಿಸಿ ನಿಮ್ಮ ಕೈಯಲ್ಲಿರಬೇಕು. ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ನಿಮ್ಮ ಹೆಸರು, ಎಲ್ಲಿಂದ ಎಲ್ಲಿಗೆ, ಎಷ್ಟು ಮೌಲ್ಯಕ್ಕೆ ಎಂಬುದೆಲ್ಲ ಅದರಲ್ಲಿರಬೇಕು. ಆ ಸಂಖ್ಯೆಯನ್ನು ಹಿಡಿದು ವಿಮಾ ಕಂಪನಿಗೇ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಪಾಲಿಸಿಯ ತಲೆಯಲ್ಲಿ ‘ಮರೈನ್’ ಎಂದಿದ್ದರೆ ಗಾಬರಿ ಬೇಡ. ರಸ್ತೆಯಲ್ಲಿ ಹೋಗುವ ಸರಕಿನ ವಿಮೆಯನ್ನೂ ಕಂಪನಿಗಳು ಅದೇ ವಿಭಾಗದಲ್ಲಿ ಕೊಡುತ್ತವೆ.

ಪಾಲಿಸಿ ಸಿಕ್ಕಿತು ಎಂದ ಕೂಡಲೇ ಎಲ್ಲವೂ ಅದರೊಳಗೆ ಬಂತು ಎಂದುಕೊಳ್ಳುವುದು ಇದರ ಬೆನ್ನಿಗೇ ಬರುವ ಇನ್ನೊಂದು ತಪ್ಪು. ರಸ್ತೆ ಸಾಗಣೆಯ ವಿಮೆಗೆ ಇನ್‌ಲ್ಯಾಂಡ್ ಟ್ರಾನ್ಸಿಟ್ ಕ್ಲಾಜ್ ಎ, ಬಿ, ಸಿ ಎಂಬ ಮೂರು ಬಗೆಗಳಿವೆ. ‘ಸಿ’ಯಲ್ಲಿ ಬೆಂಕಿ ಮತ್ತು ಸಿಡಿಲು ಮಾತ್ರ. ‘ಬಿ’ಯಲ್ಲಿ ಅದರ ಜೊತೆಗೆ ಲಾರಿ ಡಿಕ್ಕಿ, ಲಾರಿ ಮಗುಚುವುದು, ಸೇತುವೆ ಕುಸಿತದಂಥವು ಸೇರುತ್ತವೆ. ಲಾರಿ ಸುರಕ್ಷಿತವಾಗಿದ್ದು ಒಳಗೆ ನಿಮ್ಮ ಬೀರುವಿನ ಕನ್ನಡಿ ಒಡೆದರೆ, ಒಂದು ಪೆಟ್ಟಿಗೆ ಕಳುವಾದರೆ, ‘ಬಿ’ ನಿಮ್ಮ ನೆರವಿಗೆ ಬರುವುದಿಲ್ಲ. ಬೆಂಗಳೂರಿನಿಂದ ದೆಹಲಿಗೆ 2,000 ಕಿಲೋಮೀಟರಿಗೂ ಹೆಚ್ಚಿನ ದಾರಿ. ಪಾರ್ಟ್ ಲೋಡ್‌ನಲ್ಲಿ ಕಳಿಸಿದರೆ ಸಾಮಾನು ನಡುವೆ ಯಾವುದೋ ಗೋದಾಮಿನಲ್ಲಿ ಇಳಿದು ಇನ್ನೊಂದು ಲಾರಿ ಏರಬಹುದು. ಪೆಟ್ಟಿಗೆ ಕಳೆಯುವುದೂ ಗ್ರೈಂಡರಿನ ಮೂಲೆ ಜಜ್ಜುವುದೂ ಹೆಚ್ಚಾಗಿ ಈ ಇಳಿಸು-ಏರಿಸುವ ಹೊತ್ತಿನಲ್ಲೇ. ಇಂಥದ್ದಕ್ಕೆ ಬೇಕಾದದ್ದು ‘ಎ’. ಅದರಲ್ಲೂ ಹೊರಗಿಟ್ಟ ಸಂಗತಿಗಳಿವೆ: ಪ್ಯಾಕಿಂಗ್ ಸರಿಯಿಲ್ಲದ್ದರಿಂದ ಆದ ಹಾನಿ, ತಡವಾದದ್ದರಿಂದ ಆದ ನಷ್ಟ, ವಸ್ತುವಿನ ಸಹಜ ಸವೆತ. ಮೈಮೇಲೆ ಒಂದು ಗೀರೂ ಇಲ್ಲದೆ ಒಳಗೆ ಕೆಟ್ಟ ಫ್ರಿಜ್ಜಿಗೆ, ನೀವೇ ಕಟ್ಟಿದ ಪೆಟ್ಟಿಗೆಗೆ, ಒಡವೆ-ನಗದಿಗೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಅಜ್ಜಿಯ ಕಾಲದ ತೇಗದ ಮಂಚಕ್ಕೆ ನಿಮ್ಮ ಮನಸ್ಸಿನಲ್ಲಿರುವ ಬೆಲೆಯನ್ನು ಯಾವ ವಿಮಾ ಕಂಪನಿಯೂ ಕೊಡುವುದಿಲ್ಲ.

ಇನ್ನು ಮೌಲ್ಯ ನಮೂದಿಸುವ ವಿಷಯ. ಮೂರು ಪರ್ಸೆಂಟ್ ಉಳಿಸಲು ಆರು ಲಕ್ಷದ ಸಾಮಾನಿಗೆ ಎರಡು ಲಕ್ಷ ಎಂದು ಬರೆಸುವ ಜಾಣತನ ಬಹಳ ಮನೆಗಳಲ್ಲಿದೆ. ಮೂರರಲ್ಲೊಂದು ಭಾಗಕ್ಕೆ ವಿಮೆ ಮಾಡಿಸಿದವರಿಗೆ ನಷ್ಟದ ಮೂರರಲ್ಲೊಂದು ಭಾಗವೇ ಸಿಗುವುದು. 60,000 ರೂಪಾಯಿಯ ಟಿವಿ ಒಡೆದರೆ ಕೈಗೆ ಬರುವುದು 20,000. ಟಿವಿ ಎರಡು ಲಕ್ಷದೊಳಗೇ ಇದೆಯಲ್ಲ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ವಿಮೆಯ ಬಗೆಗಿನ ತಪ್ಪು ನಂಬಿಕೆಯ ಇನ್ನೊಂದು ಮುಖ ಇನ್ನೂ ಹಾನಿಕಾರಕ. “ವಿಮೆ ಮಾಡಿಸಿಲ್ಲ, ಹಾಗಾಗಿ ಏನೂ ಕೇಳುವಂತಿಲ್ಲ” ಎಂದು ಕೈಚೆಲ್ಲಿ ಕೂರುವುದು. ಬ್ರಿಟಿಷರ ಕಾಲದ 1865ರ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರಿಂದ ಜಾರಿಯಲ್ಲಿದೆ. ಲಾರಿ ಸ್ವಂತದ್ದಾಗಿರಲಿ ಬಾಡಿಗೆಯದ್ದಾಗಿರಲಿ, ಸರಕು ಬುಕ್ ಮಾಡಿಕೊಳ್ಳುವ ಕಂಪನಿ, ಏಜೆಂಟ್, ಬ್ರೋಕರ್ ಎಲ್ಲರನ್ನೂ ಅದು ಸಾಗಣೆದಾರರೆಂದೇ ಪರಿಗಣಿಸುತ್ತದೆ. ಅವರಿಗೆ ನೋಂದಣಿ ಕಡ್ಡಾಯ, ಸರಕಿಗೆ ರಸೀದಿ ಕೊಡುವುದೂ ಕಡ್ಡಾಯ. ದಾರಿಯಲ್ಲಿ ಸಾಮಾನು ಹಾಳಾದರೆ ಸಾಗಣೆದಾರನ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಿಲ್ಲ. ದೈವಾಧೀನ ಅವಘಡ, ಯುದ್ಧ, ದಂಗೆಯಂಥ ಕೆಲವೇ ಕಾರಣಗಳಿಗೆ ಅವನಿಗೆ ವಿನಾಯಿತಿ. ನೀವು ಒಂದು ಪೈಸೆ ವಿಮೆಗೆ ಕೊಡದಿದ್ದರೂ ಈ ಹೊಣೆ ಅವನ ಮೇಲೆ ಇದ್ದೇ ಇರುತ್ತದೆ.

ಆದರೆ ಆ ಹೊಣೆಗೊಂದು ಮಿತಿಯಿದೆ. 2011ರ ನಿಯಮಗಳ ಪ್ರಕಾರ ಸಾಗಣೆ ಬಾಡಿಗೆಯ ಹತ್ತು ಪಟ್ಟು ಮಾತ್ರ, ಅದೂ ನೀವು ಘೋಷಿಸಿದ ಮೌಲ್ಯವನ್ನು ಮೀರದಂತೆ. ಬಾಡಿಗೆ 40,000 ಆಗಿದ್ದರೆ ಮಿತಿ ನಾಲ್ಕು ಲಕ್ಷ. ಆದರೆ ಜಾಣತನ ಮಾಡಿ ಎರಡು ಲಕ್ಷ ಎಂದು ಬರೆಸಿದ್ದರೆ ಅದು ಎರಡೇ ಲಕ್ಷಕ್ಕೆ ಇಳಿಯುತ್ತದೆ. ಒಂದೇ ಸುಳ್ಳು ಸಂಖ್ಯೆ ವಿಮೆಯನ್ನೂ ಕತ್ತರಿಸಿತು, ಸಾಗಣೆದಾರನ ಹೊಣೆಯನ್ನೂ ಕತ್ತರಿಸಿತು. ಈ ಹತ್ತು ಪಟ್ಟಿನ ಮಿತಿ ಸಾಲದು ಎನ್ನುವವರಿಗಾಗಿಯೇ ಕಾಯ್ದೆ ಹೆಚ್ಚಿನ ಹೊಣೆಯ ದರಕ್ಕೆ ಅವಕಾಶ ಕೊಟ್ಟಿರುವುದು. ಆ ದರ ಕೊಟ್ಟಿದ್ದರೆ ರಸೀದಿಯಲ್ಲಿ ಬರೆಸಿಕೊಳ್ಳಿ.

ಸಾಮಾನು ತಲುಪಿದ ದಿನದ ಆತುರವೂ ಬೆಲೆ ತೆರಿಸುತ್ತದೆ. ಹಮಾಲರು ಹೊರಡಲು ಅವಸರ ಮಾಡುತ್ತಾರೆ, ಮಕ್ಕಳು ಹಸಿದಿರುತ್ತಾರೆ, ನಾವು ಪೆಟ್ಟಿಗೆ ಬಿಚ್ಚದೆಯೇ ‘ಸುಸ್ಥಿತಿಯಲ್ಲಿ ತಲುಪಿದೆ’ ಎಂಬಲ್ಲಿ ಸಹಿ ಹಾಕುತ್ತೇವೆ. ಪ್ಯಾಕಿಂಗ್ ಲಿಸ್ಟ್ ಹಿಡಿದು ಎಣಿಸಿ. ಪೆಟ್ಟಿಗೆ ಕಡಿಮೆ ಇದ್ದರೆ, ಒದ್ದೆಯಾಗಿದ್ದರೆ, ಜಜ್ಜಿದ್ದರೆ ಅದನ್ನು ಡೆಲಿವರಿ ಪ್ರತಿಯ ಮೇಲೆಯೇ ಬರೆದು ಸಹಿ ಮಾಡಿ. ಫೋಟೋ ತೆಗೆಯಿರಿ. ವಿಮಾ ಕಂಪನಿಯ ಸರ್ವೇಯರ್ ಬರುವವರೆಗೆ ಒಡೆದದ್ದನ್ನು ಎಸೆಯಬೇಡಿ. ಸಾಗಣೆದಾರನಿಗೆ ಲಿಖಿತ ನೋಟಿಸ್ ಕೊಡಿ. ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಆ ನೋಟಿಸ್ ತಲುಪದಿದ್ದರೆ 2007ರ ಕಾಯ್ದೆಯಡಿ ದಾವೆಗೆ ದಾರಿಯಿಲ್ಲ. ಎಣಿಕೆ ಶುರುವಾಗುವುದು ಸಾಮಾನು ತಲುಪಿದ ದಿನದಿಂದ ಅಲ್ಲ ಎಂಬುದನ್ನು ಗಮನಿಸಿ. ವಿಮೆ ಇದ್ದವರೂ ಇದನ್ನು ಬಿಡುವಂತಿಲ್ಲ, ಯಾಕೆಂದರೆ ನಿಮಗೆ ಕೊಟ್ಟ ಹಣವನ್ನು ವಿಮಾ ಕಂಪನಿ ಸಾಗಣೆದಾರನಿಂದ ವಸೂಲಿ ಮಾಡಲು ಹೊರಡುತ್ತದೆ. ಆ ಹಾದಿ ಮುಚ್ಚಿದ್ದರೆ ನಿಮ್ಮ ಕ್ಲೇಮ್‌ಗೂ ಕತ್ತರಿ ಬೀಳಬಹುದು.

“ಕೇಸ್ ಹಾಕಲು ಬೆಂಗಳೂರಿಗೆ ಯಾರು ಹೋಗುತ್ತಾರೆ?” ಎಂದು ಕೇಳುವವರಿಗೆ: ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ಈಗ ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಆನ್‌ಲೈನ್‌ನಲ್ಲೂ ಕೊಡಬಹುದು. ನೀವು ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ.

ಗಡಿ ಚೆಕ್‌ಪೋಸ್ಟಿನಲ್ಲಿ ಮನೆ ಸಾಮಾನಿಗೆ ಪ್ರವೇಶ ತೆರಿಗೆ ಕಟ್ಟಬೇಕೆಂದು ನಡುದಾರಿಯಿಂದ ಫೋನ್ ಬಂದರೆ ಕೊಡಬೇಡಿ: ಪ್ರವೇಶ ತೆರಿಗೆ 2017ರ ಜುಲೈ 1ರಂದು ಜಿಎಸ್‌ಟಿಯೊಳಗೆ ಕರಗಿಹೋಗಿದೆ, ಬಳಸಿದ ಗೃಹಬಳಕೆಯ ವಸ್ತುಗಳಿಗೆ ಇ-ವೇ ಬಿಲ್ಲೂ ಬೇಕಿಲ್ಲ.

ಹೊಸ ರಾಜ್ಯಕ್ಕೆ ಹೋದ ತಿಂಗಳೊಳಗೆ ಗಾಡಿಯ ನಂಬರ್ ಬದಲಿಸಬೇಕೆಂಬುದು ಸುಳ್ಳು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ 12 ತಿಂಗಳ ಅವಕಾಶ ಕೊಡುತ್ತದೆ. ರಸ್ತೆ ತೆರಿಗೆ ಆಯಾ ರಾಜ್ಯದ ವಿಷಯ, ಅದರ ಗಡುವನ್ನು ಬೇರೆಯಾಗಿ ವಿಚಾರಿಸಿ. 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್ ಎಲ್ಲರಿಗೂ ಸಿಗುವುದಿಲ್ಲ. ಅದು ಸೇನೆ, ಸರ್ಕಾರಿ ನೌಕರರು ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಗಳ ನೌಕರರಿಗೆ.

ಮತದಾರರ ಗುರುತಿನ ಚೀಟಿ ಕೈಯಲ್ಲಿದ್ದರೆ ಎಲ್ಲಾದರೂ ಮತ ಹಾಕಬಹುದು ಎಂಬುದು ಸುಳ್ಳು. ಹೆಸರು ಎಲ್ಲಿಯ ಪಟ್ಟಿಯಲ್ಲಿದೆಯೋ ಅಲ್ಲೇ ಮತ. ಮನೆ ಬದಲಿಸಿದವರಿಗೆ ಇರುವುದು 8ನೇ ನಮೂನೆ, ಹೊಸ ಮತದಾರರ 6ನೇ ನಮೂನೆಯಲ್ಲ.

ಮೊಬೈಲ್ ನಂಬರ್ ಬದಲಿಸಬೇಕಿಲ್ಲ, 2015ರ ಜುಲೈನಿಂದ ದೇಶದೊಳಗೆ ಎಲ್ಲಿಗೆ ಹೋದರೂ ಅದೇ ನಂಬರನ್ನು ಪೋರ್ಟ್ ಮಾಡಿಕೊಳ್ಳಬಹುದು.

ಗ್ಯಾಸ್ ಸಿಲಿಂಡರನ್ನು ಸಾಮಾನಿನ ಜೊತೆ ಕಳಿಸಬೇಡಿ. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಠೇವಣಿ ವಾಪಸ್ ಪಡೆದು, ಟರ್ಮಿನೇಷನ್ ವೋಚರ್ ಹಿಡಿದು ಹೊಸ ಊರಿನಲ್ಲಿ ಸಂಪರ್ಕ ಪಡೆಯಿರಿ.

ಶಾಲೆಯ ಟಿಸಿ (ವರ್ಗಾವಣೆ ಪತ್ರ) ತಡವಾದರೆ ಮಗುವಿನ ವರ್ಷವೇ ಹಾಳು ಎಂಬ ಭಯವೂ ಬೇಡ; ಎಂಟನೇ ತರಗತಿಯವರೆಗೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಆ ಕಾರಣಕ್ಕೆ ಪ್ರವೇಶ ತಡೆಯುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ.

ಇವುಗಳಲ್ಲಿ ಯಾವುದೂ ಗುಟ್ಟಿನ ಮಾಹಿತಿಯಲ್ಲ. ಕಾಯ್ದೆಗಳು ಸರ್ಕಾರಿ ಜಾಲತಾಣಗಳಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಸಾಗಣೆದಾರನ ಜಿಎಸ್‌ಟಿ ಸಂಖ್ಯೆಯನ್ನು ಅದರ ಪೋರ್ಟಲ್‌ನಲ್ಲಿ ಹಾಕಿದರೆ, ದೊಡ್ಡ ಕಂಪನಿಯ ಹೆಸರನ್ನೇ ಹೋಲುವ ಬೋರ್ಡಿನ ಹಿಂದೆ ನಿಜವಾಗಿ ಯಾರಿದ್ದಾರೆ, ನೋಂದಣಿ ಯಾವಾಗ ಆಯಿತು ಎಂಬುದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಸಂತೆಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಕೊಳ್ಳದ ಜನ ನಾವು. ಅದೇ ನಾವು ಇಡೀ ಮನೆಯನ್ನು ಒಬ್ಬ ಅಪರಿಚಿತನ ಲಾರಿಗೆ ಏರಿಸುವಾಗ ಒಂದು ಸ್ಟ್ಯಾಂಪು, ಒಂದಿಷ್ಟು ಸ್ಟಾರ್ ರೇಟಿಂಗ್, “ನಮ್ಮ ಪರಿಚಯದವರೇ” ಎಂಬ ಒಂದು ಮಾತಿಗೆ ತೃಪ್ತರಾಗುತ್ತೇವೆ. ಪ್ರಶ್ನೆ ಕೇಳಿದರೆ ಎದುರಿನವರಿಗೆ ಅವಮಾನವಾದೀತು ಎಂಬ ಸಂಕೋಚ ನಮ್ಮಲ್ಲಿ ಬಹಳ ಆಳವಾಗಿದೆ. ಓದುಬರಹ ಬಲ್ಲವರೂ, ಕಚೇರಿಯಲ್ಲಿ ಕೋಟಿಗಟ್ಟಲೆ ವ್ಯವಹಾರದ ಒಪ್ಪಂದಗಳನ್ನು ಸಾಲುಸಾಲಾಗಿ ತಿದ್ದುವವರೂ ತಮ್ಮ ಮನೆಯ ಕಾಗದದ ಹಿಂಬದಿ ತಿರುಗಿಸಿ ನೋಡುವುದಿಲ್ಲ. ಮೋಸ ಮಾಡುವವರು ಅಸಾಧಾರಣ ಬುದ್ಧಿವಂತರೇನಲ್ಲ. ಅವರ ದಂಧೆ ನಿಂತಿರುವುದು ನಮ್ಮ ಈ ಸಂಕೋಚದ ಮೇಲೆ.

ಆದ್ದರಿಂದ ಕೊಟೇಶನ್‌ನಲ್ಲಿ ಆ ಮೂರು ಪರ್ಸೆಂಟ್ ಕಂಡರೆ ಪಾಲಿಸಿ ಎಲ್ಲಿ ಎಂದು ಕೇಳಿ. ಕೊಟ್ಟರೆ ಓದಿ. ಕೊಡದಿದ್ದರೆ ಆ ಸಾಲನ್ನು ಹೊಡೆದುಹಾಕಿಸಿ, ಆ ಹಣ ಕೊಡಬೇಡಿ. ಒಂದೇ ಸಾಗಣೆಗೆ ಸೀಮಿತವಾದ ಪಾಲಿಸಿಯನ್ನು ವಿಮಾ ಕಂಪನಿಯಿಂದಲೇ ಕೊಳ್ಳಬಹುದು. ಒಬ್ಬ ಗಿರಾಕಿ ಕೇಳಿದರೆ ಸಾಗಣೆದಾರ ಏನೋ ಒಂದು ಹೇಳಿ ಜಾರಿಕೊಳ್ಳುತ್ತಾನೆ. ಬಂದ ಗಿರಾಕಿಗಳೆಲ್ಲ ಕೇಳತೊಡಗಿದರೆ ಒಂದೋ ಆ ಸಾಲು ಕೊಟೇಶನ್‌ನಿಂದ ಕಾಣೆಯಾಗುತ್ತದೆ, ಇಲ್ಲವೇ ಅದರ ಹಿಂದೆ ನಿಜವಾದ ಪಾಲಿಸಿ ಬರುತ್ತದೆ.