ವ್ಯಸನವೂ ವ್ಯಸನಿಯೂ: ಆತ್ಮಾವಮಾನದ ನಿವಾರಣೆಯಲ್ಲಿ ಕಿರುಸಂದೇಶದ ಭಾಷೆ

ಮದ್ಯ, ಗಾಂಜಾ, ಅಫೀಮು ಮೊದಲಾದ ಮಾದಕ ದ್ರವ್ಯಗಳಿಗೆ ವಶರಾದವರು ಚಿಕಿತ್ಸೆಗೆ ಬಾರದಿರುವುದೇಕೆಂದು ವಿಚಾರಿಸುವವರು ಬಡತನ, ದೂರ, ವೈದ್ಯರ ಅಭಾವ ಇವುಗಳನ್ನು ಎಣಿಸುವುದುಂಟು. ಇವೆಲ್ಲವೂ ನಿಜವೇ. ಆದರೆ ಇವುಗಳೊಡನೆ ಮತ್ತೊಂದು ಕಾರಣವಿದೆ. ಅದು ಭಾಷೆಗೆ ಸಂಬಂಧಪಟ್ಟುದಾದುದರಿಂದ ಈ ಪತ್ರಿಕೆಯ ವಾಚಕರ ಮುಂದೆ ಅದನ್ನು ಇಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇನೆ. ಲೋಕವು ಇಟ್ಟ ನಿಂದೆಯ ಹೆಸರನ್ನು ಮನುಷ್ಯನು ತನ್ನ ನಿಜನಾಮವೆಂದೇ ಒಪ್ಪಿಕೊಳ್ಳುವುದು ಆ ಕಾರಣ. ಇದನ್ನು ಇಲ್ಲಿ ಆತ್ಮಾವಮಾನವೆಂದು ಕರೆದಿದೆ.

ವಿಷಯವು ಎಷ್ಟು ದೊಡ್ಡದೆಂಬುದಕ್ಕೆ ಒಂದು ಲೆಕ್ಕ ಸಾಕು. ಕೇಂದ್ರ ಸರಕಾರವು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ಗಣನೆಯ ಮೇರೆಗೆ, ಮದ್ಯಕ್ಕೆ ಅಧೀನರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೂ ಒಂದು ಬಗೆಯ ಚಿಕಿತ್ಸೆ ದೊರೆತಿತ್ತು.

ಪಾಶ್ಚಾತ್ಯರಲ್ಲಿ ಈ ಅವಮಾನಕ್ಕೆ 'ಸ್ಟಿಗ್ಮಾ' ಎಂಬ ಗ್ರೀಕ್ ಶಬ್ದವು ರೂಢಿಯಲ್ಲಿದೆ. ದಾಸರ, ಅಪರಾಧಿಗಳ ಮೈಮೇಲೆ ಚುಚ್ಚಿಯೋ ಸುಟ್ಟೋ ಹಾಕುತ್ತಿದ್ದ ಗುರುತು ಅದರ ಮೂಲಾರ್ಥ. 1963ರಲ್ಲಿ ಅರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞನು ಇದೇ ಹೆಸರಿನ ಗ್ರಂಥವನ್ನು ಬರೆದನು. ಅನಂತರ ಪ್ಯಾಟ್ರಿಕ್ ಕಾರಿಗನ್ ಎಂಬ ಮನಶ್ಶಾಸ್ತ್ರಜ್ಞನು ಆತ್ಮಾವಮಾನಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾನೆ. 'ಇಂಥವರು ಕೆಲಸಕ್ಕೆ ಬಾರದವರು' ಎಂಬ ಲೋಕಾಪವಾದವನ್ನು ಅರಿಯುವುದು ಮೊದಲನೆಯದು. ಅದು ಸರಿಯೆಂದು ಒಪ್ಪುವುದು ಎರಡನೆಯದು. 'ನಾನೂ ಅಂಥವನೇ' ಎಂದು ಅನ್ವಯಿಸಿಕೊಳ್ಳುವುದು ಮೂರನೆಯದು. ಇದರಿಂದ ಮಾನವು ಕುಂದುವುದು ನಾಲ್ಕನೆಯದು. ಆಮೇಲೆ 'ಯತ್ನಿಸಿ ಫಲವೇನು?' ಎಂಬ ನಿರಾಶೆಯು ಬರುತ್ತದೆ. ವೈಯಾಕರಣರ ದೃಷ್ಟಿಯಿಂದ ನೋಡಿದರೆ ಮೂರನೆಯ ಮೆಟ್ಟಿಲೇ ಮುಖ್ಯವಾದುದು. ಅಲ್ಲಿ ಹೆಸರಿಗೂ ಮನುಷ್ಯನಿಗೂ ಸಾಮಾನಾಧಿಕರಣ್ಯವು ಏರ್ಪಡುತ್ತದೆ.

ನಮ್ಮ ಕನ್ನಡದ 'ಕುಡುಕ' ಎಂಬ ಪದವನ್ನು ತೆಗೆದುಕೊಳ್ಳಿರಿ. 'ಕುಡಿದನು' ಎಂಬ ಕ್ರಿಯಾಪದದಲ್ಲಿ ಕಾಲವಿದೆ. ನಿನ್ನೆ ಕುಡಿದವನು ಇಂದು ಕುಡಿಯದಿರಬಹುದು. 'ಕುಡುಕ'ನಲ್ಲಿ ಕಾಲವೇ ಇಲ್ಲ. ಪಾಣಿನೀಯರು ಹೇಳುವ ತಚ್ಛೀಲಾರ್ಥವು, ಎಂದರೆ ಅದೇ ಸ್ವಭಾವವುಳ್ಳವನೆಂಬ ಅರ್ಥವು, ಒಂದು ಕಕಾರದಿಂದ ಬಂದು ಕೂತುಬಿಟ್ಟಿದೆ. ತಿರುಕ, ಕೆಡುಕ, ತಲೆಹಿಡುಕ ಎಂಬ ಇದೇ ಜಾತಿಯ ಪದಗಳನ್ನು ನೆನೆದರೆ ಈ ಪ್ರತ್ಯಯವು ಎಂಥ ಸಹವಾಸದಲ್ಲಿ ಬೆಳೆದಿದೆಯೆಂಬುದು ತಿಳಿಯುತ್ತದೆ. ಕರ್ಮವನ್ನು ಸ್ವಭಾವವಾಗಿಸಿದ ಮೇಲೆ ಬಿಡುವುದೆಂಬ ಮಾತಿಗೆ ಎಡೆಯೆಲ್ಲಿ?

'ಕುಡುಕ' ಎನ್ನಬಾರದು, 'ವ್ಯಸನಿ' ಎನ್ನಬೇಕು ಎಂದು ಕೆಲವರು ಹೇಳುವರು. ಇದು ಬಟ್ಟೆ ಬದಲಾಯಿಸಿದಷ್ಟೇ ಸರಿ. ಆದರೆ 'ವ್ಯಸನ' ಶಬ್ದದ ಇತಿಹಾಸದಲ್ಲಿ ನಮಗೆ ಉಪಯೋಗವಾಗುವ ಅಂಶವೊಂದು ಅಡಗಿದೆ. ಎಸೆಯುವುದೆಂಬ ಅರ್ಥದ 'ಅಸ್' ಧಾತುವಿಗೆ 'ವಿ' ಉಪಸರ್ಗವು ಸೇರಿ ಈ ಶಬ್ದವಾಗಿದೆ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ, ಪುರುಷನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದೇ ವ್ಯಸನವೆಂದು ನಿರ್ವಚನ ಮಾಡಿದ್ದಾನೆ. ಇಲ್ಲಿ ಎಸೆಯುವ ಕರ್ತೃವು ವ್ಯಸನ, ಎಸೆಯಲ್ಪಟ್ಟವನು ಮನುಷ್ಯ. ಅಮರಸಿಂಹನೂ ವಿಪತ್ತು, ಭ್ರಂಶ, ಕಾಮಕೋಪಗಳಿಂದ ಹುಟ್ಟಿದ ದೋಷ ಎಂಬ ಮೂರು ಅರ್ಥಗಳನ್ನು ಒಟ್ಟಿಗೆ ಕೊಡುತ್ತಾನೆ. ಕನ್ನಡವಂತೂ ಎರಡನ್ನೂ ಉಳಿಸಿಕೊಂಡಿದೆ: ಬಂಧುವು ಸತ್ತರೆ ನಾವು ವ್ಯಸನಪಡುತ್ತೇವೆ, ಮದ್ಯದ ಚಟವನ್ನೂ ವ್ಯಸನವೆನ್ನುತ್ತೇವೆ. ದುಃಖಕ್ಕೂ ದುರಭ್ಯಾಸಕ್ಕೂ ಒಂದೇ ಹೆಸರಿಟ್ಟ ಭಾಷೆಯು ಕರುಣೆಗೆ ಬಾಗಿಲನ್ನು ತೆರೆದೇ ಇಟ್ಟಿದೆ. ಮತ್ವರ್ಥದ 'ಇನ್' ಪ್ರತ್ಯಯವು ಸೇರಿ 'ವ್ಯಸನಿ' ಎಂದಾದಾಗಲೇ ಬಿದ್ದ ವಿಪತ್ತು ಸ್ವತ್ತಾಗುವುದು.

ವನಪರ್ವದ ನಳೋಪಾಖ್ಯಾನವನ್ನು ಈ ಬೆಳಕಿನಲ್ಲಿ ಓದಬೇಕು. ಜೂಜಿನಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಯುಧಿಷ್ಠಿರನು, ತನ್ನಂಥ ನಿರ್ಭಾಗ್ಯನಾದ ಅರಸನು ಮತ್ತೊಬ್ಬನುಂಟೆ ಎಂದು ಕೇಳಿದಾಗ ಬೃಹದಶ್ವ ಮುನಿಯು ಈ ಕಥೆಯನ್ನು ಹೇಳುತ್ತಾನೆ. ಬೈಯಲಿಲ್ಲ, ನೀತಿಪಾಠವನ್ನೂ ಒಪ್ಪಿಸಲಿಲ್ಲ. ಕಥೆಯಲ್ಲಿ ನಳನನ್ನು ಆಡಿಸಿದವನು ಒಳಹೊಕ್ಕ ಕಲಿ. ಕಲಿಯು ಹೊರಬಿದ್ದ ಮೇಲೆ ನಳನು ನಳನೇ. ಲೋಕವು ಅವನನ್ನು ಪುಣ್ಯಶ್ಲೋಕನೆಂದಿತೇ ಹೊರತು ಜೂಜುಕೋರನೆಂದು ನೆನೆಯಲಿಲ್ಲ. ಕಡೆಗೆ ಮುನಿಯು ಅಕ್ಷಹೃದಯವನ್ನೂ ಉಪದೇಶಿಸುತ್ತಾನೆಂಬುದನ್ನು ಮರೆಯತಕ್ಕದ್ದಲ್ಲ: ಸಾಂತ್ವನದ ಜೊತೆಗೆ ಉಪಾಯವೂ ಬೇಕು.

ಇನ್ನು ಕಿರುಸಂದೇಶದ ಮಾತು. ಇದಕ್ಕೆ ಪೂರ್ವರೂಪವು ಅಂಚೆಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋದ ಜೆರೋಮ್ ಮೋಟೋ ಎಂಬ ವೈದ್ಯನು, ಆಸ್ಪತ್ರೆಯಿಂದ ಹೊರಟು ಮುಂದಿನ ಚಿಕಿತ್ಸೆಯನ್ನು ಬಿಟ್ಟ ವಿಷಣ್ಣರಾದ 843 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಐದು ವರ್ಷ ಆಗಾಗ ಚಿಕ್ಕ ಪತ್ರಗಳನ್ನು ಬರೆಸಿದನು. ಪತ್ರದಲ್ಲಿ ಕ್ಷೇಮಚಿಂತನೆಯಲ್ಲದೆ ಯಾವ ಬೇಡಿಕೆಯೂ ಇರಲಿಲ್ಲ. ಮೊದಲ ಎರಡು ವರ್ಷಗಳಲ್ಲಿ ಆ ಗುಂಪಿನಲ್ಲಿ ಆತ್ಮಹತ್ಯೆಗಳು ಸ್ಪಷ್ಟವಾಗಿ ಕಡಮೆಯಾದುವೆಂದು 2001ರಲ್ಲಿ ಪ್ರಕಟವಾಯಿತು. ಮಾದಕ ದ್ರವ್ಯಕ್ಕೆ ವಶರಾದವರ ಲಜ್ಜೆಯ ವಿಷಯದಲ್ಲಿ ಜೇಸನ್ ಲುವೋಮಾ ಮೊದಲಾದವರು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಇಲ್ಲಿ ಸ್ಮರಣೀಯ. ಲಜ್ಜೆಯು ಮೆಲ್ಲಮೆಲ್ಲನೆ ಇಳಿದವರಲ್ಲಿಯೇ ಚಿಕಿತ್ಸೆಯ ಫಲವು ನಿಂತಿತು. ಬೇಗನೆ ಇಳಿದುದು ನಿಲ್ಲಲಿಲ್ಲ. ಆದುದರಿಂದ ಹೊಗಳಿಕೆಯ ಸುರಿಮಳೆಯು ಔಷಧವಲ್ಲ.

ಕನ್ನಡದಲ್ಲಿ ಸಂದೇಶವನ್ನು ರಚಿಸುವವನಿಗೆ ಛಂದಸ್ಸಿನಂಥ ಒಂದು ಕಟ್ಟುಪಾಡೂ ಉಂಟು. ದೂರವಾಣಿಯ ಒಂದು ಕಿರುಸಂದೇಶದಲ್ಲಿ ರೋಮನ್ ಲಿಪಿಯ 160 ಅಕ್ಷರಗಳು ಹಿಡಿದರೆ ನಮ್ಮ ಲಿಪಿಯಲ್ಲಿ 70 ಸಂಕೇತಗಳಷ್ಟೇ ಹಿಡಿಯುವುವು. ಕಂದಪದ್ಯದ ಮಾತ್ರೆಗಳು 64 ಎಂಬುದನ್ನು ನೆನೆದರೆ ಇದು ನಮ್ಮವರಿಗೆ ತೀರ ಇಕ್ಕಟ್ಟಾದ ಅಂಗಳವೇನೂ ಅಲ್ಲ. ಆದರೆ ಯಂತ್ರವು ಒತ್ತಕ್ಷರವನ್ನೂ ಗುಣಿತದ ಚಿಹ್ನೆಯನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತಗಳು. 'ಆತ್ಮಗೌರವ'ಕ್ಕೆ ಎಂಟು ಬೇಕಾದರೆ 'ಮಾನ'ಕ್ಕೆ ಮೂರೇ ಸಾಕು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವರಿಗೆ ಇದು ಪಥ್ಯವಾಗದಿದ್ದರೂ ಯಂತ್ರವು ದೇಶ್ಯದ ಪಕ್ಷಪಾತಿಯೆಂದು ಒಪ್ಪಲೇಬೇಕು.

ಆಲಂಕಾರಿಕರು ಉಪದೇಶವನ್ನು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತವೆಂದು ಮೂರಾಗಿ ವಿಭಾಗಿಸಿರುವರಷ್ಟೆ. 'ಕುಡಿತ ಬಿಡು, ಸಂಸಾರ ಉಳಿಸು' ಎಂಬುದು ಪ್ರಭುವಿನ ಆಜ್ಞೆ. ಬಿಡಲಾರದೆ ಸೋತವನಿಗೆ ಅದು ಮತ್ತೊಂದು ಬರೆ. 'ಇಂದು ಹೇಗಿದ್ದೀರಿ? ಬರಬೇಕೆನಿಸಿದರೆ ಬನ್ನಿ, ಕಾದಿದ್ದೇವೆ.' ಎಂಬುದು ಸುಹೃದ್ವಾಕ್ಯ. ಇದರಲ್ಲಿ 49 ಸಂಕೇತಗಳಿವೆ, ಬಹುವಚನದ ಮರ್ಯಾದೆಯಿದೆ, ದ್ರವ್ಯದ ಹೆಸರಿಲ್ಲ. ಈ ಕಡೆಯ ಗುಣವು ಅತ್ಯಾವಶ್ಯಕ. ಹೆಬಳೆಯಂಥ ಕಡಲಂಚಿನ ಊರುಗಳಲ್ಲಿ ದೂರವಾಣಿಯು ಅನೇಕ ಮನೆಗಳಲ್ಲಿ ಒಬ್ಬನ ಕೈಯಲ್ಲಿಯೇ ಇರುವುದಿಲ್ಲ. ಮಗಳು ತೆರೆದು ಓದಬಹುದಾದ ಗಾಜಿನ ಮೇಲೆ ತಂದೆಯ ರೋಗದ ಹೆಸರು ಬೆಳಗಿದರೆ ಅವಮಾನವನ್ನು ನೀಗಲು ಹೊರಟ ಸಂದೇಶವೇ ಅವಮಾನವನ್ನು ಮನೆಯೊಳಕ್ಕೆ ತರುತ್ತದೆ. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ಮದ್ಯ ಮತ್ತು ಮಾದಕ ದ್ರವ್ಯಗಳಿಂದಾದ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿ, ರೋಗಿಯ ವಿಷಯಗಳ ಗೋಪ್ಯವನ್ನು ಹಕ್ಕಾಗಿ ವಿಧಿಸಿರುವುದು ಇಲ್ಲಿ ಅನ್ವಯಿಸುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದವರು ಸಭೆಯಲ್ಲಿ ತಮ್ಮನ್ನು ಮದ್ಯವ್ಯಸನಿಗಳೆಂದೇ ಹೇಳಿಕೊಳ್ಳುವರಲ್ಲವೆ, ಅದರಿಂದ ಗುಣವೂ ಆಗಿದೆಯಲ್ಲವೆ ಎಂದು. ನಿಜ. ಆದರೆ ಸಮಾನದುಃಖಿಗಳ ನಡುವೆ ತಾನಾಗಿ ಹೇಳಿಕೊಂಡ ಹೆಸರಿಗೂ ಬೀದಿಯಲ್ಲಿ ಪರರು ಎಸೆದ ಹೆಸರಿಗೂ ವಕ್ತೃಭೇದದಿಂದ ಅರ್ಥಭೇದವಿದೆ. ವ್ಯಂಜನಾವಾದಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ನಾಡಿನಲ್ಲಿ ಧರ್ಮಸ್ಥಳದ ಆಶ್ರಯದ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರು ಸೇರುವ ಕೂಟಕ್ಕೆ ನವಜೀವನ ಸಮಿತಿಯೆಂದು ಹೆಸರು. ಬಿಟ್ಟುದನ್ನು ಹೇಳದೆ ಹಿಡಿದುದನ್ನು ಹೇಳುವ ಈ ಹೆಸರು ಮೇಲಾದುದೆಂದು ನನ್ನ ಮತ.

ಸಂದೇಶವು ಚಿಕಿತ್ಸೆಗೆ ಬದಲಲ್ಲ. ಬಹುಕಾಲ ಅತಿಯಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಸನ್ನಿ, ಸೆಳವುಗಳು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಅಲ್ಲಿ ವೈದ್ಯನೇ ಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರೀ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನವಾಗಿದೆ. 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಸಂದೇಶದ ಕೊನೆಗೆ ಆ ಐದು ಅಂಕಿಗಳನ್ನು ಸೇರಿಸಿದರೂ 70ರೊಳಗೇ ಉಳಿಯುತ್ತದೆ. ಭಟ್ಕಳದ ಸುತ್ತಿನಲ್ಲಿ ಕನ್ನಡದ ಜೊತೆಗೆ ಕೊಂಕಣಿ, ನವಾಯತಿ, ಉರ್ದುಗಳೂ ಮನೆಮಾತಾಗಿರುವುದರಿಂದ ಒಂದೇ ಒಕ್ಕಣೆಯನ್ನು ಭಾಷಾಂತರಿಸಿ ಹಂಚುವುದಕ್ಕಿಂತ, ಆಯಾ ಮಾತಿನಲ್ಲಿ ಗೆಳೆಯನನ್ನು ಕರೆಯುವ ಬಗೆಯನ್ನು ಅರಿತವರಿಂದಲೇ ಬರೆಸತಕ್ಕದ್ದು. ಪಾರಸೀ ಲಿಪಿಯಲ್ಲಿ ಬರೆದರೂ ಮಿತಿಯು ಅದೇ 70.